ಇಲಾರಿಯಾಳ ಉಪ್ಪುನೀರು

ಇಲಾರಿಯಾ ಸಾಯ್ರಿಯ ಪಾದ ನೋಡಿದವರು ಅವಳ ಕಸುಬೇನೆಂದು ಕೇಳುತ್ತಿರಲಿಲ್ಲ. ಹಿಮ್ಮಡಿಯ ತುಂಬ ಆಳವಾದ ಬಿರುಕು, ಬಿರುಕಿನೊಳಗೆ ಬಿಳಿ ಗೆರೆ. ಮಾರಾಸ್ ಊರಿನ ಕೆಳಗಿನ ಇಳಿಜಾರಿನಲ್ಲಿ ಬೆಟ್ಟದ ಹೊಟ್ಟೆಯಿಂದ ಹರಿದು ಬರುವ ಉಪ್ಪುನೀರನ್ನು ಪಾತಿಗೆ ತಿರುಗಿಸಿಕೊಂಡು, ಬಿಸಿಲಿಗೆ ಬಿಟ್ಟು, ಹರಳುಗಟ್ಟಿದ ಮೇಲೆ ಕೆರೆದು ಗುಡ್ಡೆ ಹಾಕುವುದು ಅವಳ ಕೆಲಸ. ಏಳು ವರ್ಷದವಳಿದ್ದಾಗ ತಾಯಿಯ ಜೊತೆ ಇಳಿದವಳು, ಅರವತ್ತೊಂದಾದರೂ ಮೇಲೆ ಹತ್ತಿರಲಿಲ್ಲ. ಗಂಡ ಬಸೀಲಿಯೋ ಬಿಟ್ಟುಹೋದ ನಾಲ್ಕು ಪಾತಿಗಳಿದ್ದವು, ಒಂದೊಂದೂ ಸಣ್ಣ ಕೋಣೆಯಷ್ಟು.

ಗಂಟಲು ಕೆರೆದರೆ ಅದೇ ನೀರನ್ನು ತೆಳು ಮಾಡಿ ಮುಕ್ಕಳಿಸುತ್ತಿದ್ದಳು. ಕುಡುಗೋಲು ತಾಗಿದ ಗಾಯವನ್ನು ಅದರಲ್ಲೇ ತೊಳೆಯುತ್ತಿದ್ದಳು. ಕುರಿ ಮಾಂಸವನ್ನು ಅದರಲ್ಲಿ ಅದ್ದಿ ಸೂರಿನಡಿ ಒಣಗಲು ತೂಗುಹಾಕುತ್ತಿದ್ದಳು. ಬಸೀಲಿಯೋ ತೀರಿಕೊಂಡ ದಿನ ಅವನ ಹಾಸಿಗೆಯ ಮೂಲೆಗೆ ಮೂರು ಸಲ ಚಿಮುಕಿಸಿದ್ದಳು. ಏಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅವಳ ತಾಯಿಯೂ ಹಾಗೆ ಮಾಡಿದ್ದಳು, ಅಷ್ಟೆ.

ಆ ವರ್ಷ ಮಳೆ ನಿಂತು ಪಾತಿಗೆ ನೀರು ಬಿಡುವ ಹೊತ್ತಿಗೆ ಅವಳಿಗೆ ತಲೆ ಸುತ್ತತೊಡಗಿತು. ಕೆಳಗಿನ ಪೇಟೆಯ ಆಸ್ಪತ್ರೆಗೆ ಹೋದಳು. ಹೊಸದಾಗಿ ಬಂದಿದ್ದ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ ಹುಬ್ಬೇರಿಸಿದರು.

"ಅಮ್ಮಾ, ಪ್ರೆಶರ್ ತುಂಬಾ ಜಾಸ್ತಿ ಇದೆ. ಉಪ್ಪು ನಿಮ್ಗೆ ವಿಷ ಅಂತ ತಿಳ್ಕೊಳ್ಳಿ. ಅದರ ಹತ್ತಿರಾನೂ ಹೋಗ್ಬೇಡಿ."

"ಹತ್ತಿರಾನೂ ಅಂದ್ರೆ? ಎಷ್ಟು ದೂರ ಇರ್ಬೇಕು?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಡಾಕ್ಟರು ನಕ್ಕು ಮಾತ್ರೆ ಬರೆದುಕೊಟ್ಟರು. ಅವಳು ನಿಜವಾಗಿಯೇ ಕೇಳಿದ್ದಳು. ಮನೆಯ ದಾರಿಯುದ್ದಕ್ಕೂ ಅದೇ ಯೋಚನೆ. ಬಾಯಿಂದ ಒಳಗೆ ಹೋದರೆ ವಿಷವಾಗುವುದು ಹಿಮ್ಮಡಿಯ ಬಿರುಕಿನಿಂದ ಹೋದರೆ ಆಗುವುದಿಲ್ಲವೇ? ಐವತ್ತು ವರ್ಷ ಅದರಲ್ಲೇ ನಿಂತ ನಾನು ಇಷ್ಟು ದಿನ ಹೇಗೆ ಬದುಕಿದೆ?

ಮರುದಿನವೇ ಪಾತಿಗಳನ್ನು ನಾದಿನಿ ಮೆಲ್ಚೋರಾಳ ಕೈಗೆ ಒಪ್ಪಿಸಿದಳು.

"ನಿನ್ನ ಡಾಕ್ಟ್ರಿಗೆ ತಲೆ ಕೆಟ್ಟಿದೆ ಅತ್ತಿಗೆ," ಎಂದಳು ಮೆಲ್ಚೋರಾ. "ಉಪ್ಪಲ್ಲೇ ಬೆಳೆದೋಳಿಗೆ ಉಪ್ಪು ವಿಷಾನಾ?"

"ಓದಿದೋರು ಹೇಳಿದಾರೆ ಕಣೇ."

"ಹಂಗಾದ್ರೆ ಅಳೋಕೂ ಹೋಗ್ಬೇಡ. ಕಣ್ಣೀರೂ ಉಪ್ಪೇ."

ಮೆಲ್ಚೋರಾ ಚೇಷ್ಟೆಗೆ ಅಂದದ್ದು ಇಲಾರಿಯಾಳ ತಲೆಯಲ್ಲಿ ಕೂತುಬಿಟ್ಟಿತು. ಒಲೆಯ ಮುಂದೆ ಕೂತು ಮುಂಗೈಯ ಬೆವರನ್ನು ನೆಕ್ಕಿ ನೋಡಿದಳು. ಉಪ್ಪು! ಹಾಗಾದರೆ ವಿಷದ ಒರತೆ ತನ್ನೊಳಗೇ ಇದೆಯಲ್ಲ, ಅದರಿಂದ ದೂರ ಹೋಗುವುದು ಎಲ್ಲಿಗೆ?

ಮೂರು ತಿಂಗಳು ಸಪ್ಪೆ ಆಲೂಗಡ್ಡೆ, ಸಪ್ಪೆ ಜೋಳದ ಗಂಜಿ. ಹಗಲೆಲ್ಲ ಮೇಲಿನ ದಾರಿಯ ಕಲ್ಲಿನ ಮೇಲೆ ಕೂತು ಕೆಳಗೆ ನೋಡುತ್ತಿದ್ದಳು. ಮೆಲ್ಚೋರಾ ಪಾತಿಯ ತಳವನ್ನು ಸರಿಯಾಗಿ ತುಳಿಯುತ್ತಿರಲಿಲ್ಲ, ನೀರು ಇಂಗಿಹೋಗುತ್ತಿತ್ತು. "ಮೂಲೆ ತುಳಿಯೇ!" ಎಂದು ಕೂಗಿದರೆ, "ಇಳಿದು ಬಂದು ನೀನೇ ತುಳಿ!" ಎಂದು ಉತ್ತರ ಬರುತ್ತಿತ್ತು.

ಆಗಸ್ಟಿನಲ್ಲಿ ಒಂದು ಮದುವೆಗೆ ಹೋಗಿ ತಣ್ಣಗಾದ ಗಿನಿಯಿಲಿ ಮಾಂಸ ತಿಂದು ಬಂದಳು. ಎರಡು ದಿನ ಬಿಡದೆ ಭೇದಿ. ಮೂರನೆಯ ಬೆಳಿಗ್ಗೆ ಮೆಲ್ಚೋರಾ ಬಂದು ನೋಡಿದರೆ ಅತ್ತಿಗೆ ಒಲೆಯ ಪಕ್ಕ ಬಿದ್ದಿದ್ದಾಳೆ, ತುಟಿ ಒಣಗಿ ಸಿಪ್ಪೆಯಾಗಿದೆ. ಪಕ್ಕದ ಮನೆಯವರ ಲಾರಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು.

ಇಲಾರಿಯಾ ಕಣ್ಣು ಬಿಟ್ಟಾಗ ತಲೆಯ ಮೇಲೊಂದು ಚೀಲ ತೂಗುತ್ತಿತ್ತು. ಅದರಿಂದ ಕೊಳವೆಯೊಂದು ಇಳಿದು ಅವಳ ಕೈಗೆ ಚುಚ್ಚಿತ್ತು.

"ಇದೇನಮ್ಮಾ?"

ನರ್ಸ್ ರೊಕ್ಸಾನಾ ಹನಿ ಎಣಿಸುತ್ತಲೇ ಹೇಳಿದಳು, "ಉಪ್ಪು ನೀರು. ಮೈಯಲ್ಲಿದ್ದ ನೀರೆಲ್ಲ ಹೋಗ್ಬಿಟ್ಟಿತ್ತು ನಿಮ್ದು."

ಇಲಾರಿಯಾ ಸೂಜಿ ಕಿತ್ತೆಸೆದಳು. ಹಾಸಿಗೆಯೆಲ್ಲ ರಕ್ತ. "ಮೆಲ್ಚೋರಾ, ಬಾರೇ! ನನ್ನ ಕೊಲ್ತಿದಾರೆ! ನಾಲಿಗೆಗೆ ಹಾಕ್ಬೇಡ ಅಂದೋರು ರಕ್ತಕ್ಕೇ ಹಾಕ್ತಿದಾರೆ!"

ರೊಕ್ಸಾನಾ ಹತ್ತಿ ಒತ್ತಿ ಹಿಡಿದಳು. "ಲೀಟರಿಗೆ ಎರಡು ಚಮಚದಷ್ಟೂ ಇಲ್ಲ ಅಮ್ಮಾ. ನಿಮ್ಮ ರಕ್ತದಲ್ಲಿ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟೇ."

"ನನ್ನ ರಕ್ತದಲ್ಲಿ ಉಪ್ಪಿದೆಯಾ?"

"ಎಲ್ಲರ ರಕ್ತದಲ್ಲೂ ಇದೆ."

"ಡಾಕ್ಟರ ರಕ್ತದಲ್ಲೂ?"

"ಅವರದ್ರಲ್ಲೂ."

ಬಾಗಿಲಲ್ಲಿ ನಿಂತಿದ್ದ ಮೆಲ್ಚೋರಾ, "ಹಂಗಾದ್ರೆ ಆ ಮನುಷ್ಯನ ಹತ್ತಿರಾನೂ ಹೋಗ್ಬೇಡ ಅತ್ತಿಗೆ!" ಎಂದು ಹೊಟ್ಟೆ ಹಿಡಿದು ನಕ್ಕಳು. ಇಲಾರಿಯಾಳಿಗೆ ನಗು ಬರಲಿಲ್ಲ. ಸುಸ್ತಾಗಿ, ಸೂಜಿಗೆಂದು ಇನ್ನೊಂದು ಕೈ ಚಾಚಿದಳು.

ಮನೆಗೆ ಕಳಿಸುವಾಗ ರೊಕ್ಸಾನಾ ಬಿಡಿಸಿ ಹೇಳಿದಳು. ಮಾತ್ರೆ ಬಿಡಬಾರದು, ಊಟದಲ್ಲಿ ಉಪ್ಪು ತೀರಾ ಕಡಿಮೆ ಇರಬೇಕು, ಪಾತಿಗೆ ಇಳಿಯಬಹುದು, ಇಳಿಯುವ ಮುಂಚೆ ಹಿಮ್ಮಡಿಗೆ ಕೊಬ್ಬು ಸವರಬೇಕು. ಭೇದಿಯಾದವರಿಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲಾರಿಯಾ ಎಲ್ಲದಕ್ಕೂ ತಲೆಯಾಡಿಸಿದಳು. ಆದರೆ ಒಂದೇ ವಸ್ತು ಒಬ್ಬಳಿಗೇ ವಿಷವೂ ಔಷಧಿಯೂ ಆಗುವುದು ಹೇಗೆಂಬುದು ಅವಳಿಗೆ ಹಿಡಿತಕ್ಕೆ ಸಿಗಲಿಲ್ಲ.

ಪಾತಿ ವಾಪಸು ಕೇಳಿದಾಗ ಮೆಲ್ಚೋರಾ ಬೆರಳು ಮಡಚಿ ಲೆಕ್ಕ ಹಾಕಿದಳು. "ಎರಡು ನೀನಿಟ್ಕೋ, ಎರಡು ನಂಗಿರ್ಲಿ. ಅಣ್ಣನ ಪಾತಿ ತಾನೇ?" ಅದು ನ್ಯಾಯವೋ ಅನ್ಯಾಯವೋ ಇಲಾರಿಯಾಳಿಗೆ ತಿಳಿಯಲಿಲ್ಲ. ತನ್ನನ್ನು ಲಾರಿಗೆ ಎತ್ತಿ ಹಾಕಿದ್ದು ಅವಳೇ ಎಂಬುದು ನೆನಪಾಗಿ ಒಪ್ಪಿಕೊಂಡಳು.

ಮಳೆ ಹಿಡಿದ ಮೊದಲ ವಾರ ಮೆಲ್ಚೋರಾಳೇ ಹೊಟ್ಟೆ ಕೆಟ್ಟು ಮಲಗಿದಳು. ದಾರಿ ಕುಸಿದು ಲಾರಿ ಬರುವಂತಿರಲಿಲ್ಲ. ಇಲಾರಿಯಾ ನೀರು ಕುದಿಸಿ ಆರಿಸಿ ಸಕ್ಕರೆ ಹಾಕಿದಳು. ಉಪ್ಪಿನ ಚಮಚ ಹಿಡಿದ ಕೈ ಪಾತ್ರೆಯ ಮೇಲೆ ನಿಂತುಬಿಟ್ಟಿತು. ಅರ್ಧ ಎಂದರೆ ಸಮ ಮಾಡಿದ ಚಮಚದ ಅರ್ಧವೋ ಗೋಪುರದಂತೆ ತುಂಬಿದ ಚಮಚದ ಅರ್ಧವೋ? ಇವಳಿಗೂ ಪ್ರೆಶರ್ ಇದ್ದರೆ? ಬೆರಳಿನಿಂದ ಸಮ ಮಾಡಿ, ಕಣ್ಣು ಮುಚ್ಚಿ ಸುರಿದಳು.

"ಏನಿದು?" ಎಂದಳು ಮೆಲ್ಚೋರಾ.

"ನಂಗೂ ಸರಿಯಾಗಿ ಗೊತ್ತಿಲ್ಲ. ಕುಡಿ."

ಗುಟುಕು ಗುಟುಕಾಗಿ ದಿನವಿಡೀ ಕುಡಿಸಿದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೆಲ್ಚೋರಾ ಎದ್ದು ಕೂತು, ಗಂಜಿ ಬೇಕೆಂದು ರಗಳೆ ತೆಗೆದಳು. ಇಲಾರಿಯಾ ಎರಡು ಗಡಿಗೆಯಲ್ಲಿ ಗಂಜಿ ಕಾಯಿಸಿದಳು. ಒಂದಕ್ಕೆ ಉಪ್ಪು ಹಾಕಿದಳು, ತನ್ನದಕ್ಕೆ ಹಾಕಲಿಲ್ಲ.