ಬಳೆ ತೊಡಿಸದೆ ಎದ್ದ ಚಂದ್ರಕ್ಕ

ಹಿರಿಯೂರಿನ ಬಳೆಗಾರ್ತಿ ಚಂದ್ರಕ್ಕನನ್ನು ಆದಿವಾಲದಲ್ಲಿ ಈಗ ಯಾರೂ ಸೀಮಂತಕ್ಕೆ ಕರೆಯುವುದಿಲ್ಲ. ಅವಳ ಬಾಯಿ ಒಳ್ಳೆಯದಲ್ಲವಂತೆ. ಇದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ತಂಗಿ ಹೇಮಾವತಿಯನ್ನು ಕೊಟ್ಟಿದ್ದು ಅದೇ ಆದಿವಾಲಕ್ಕೆ. ಬಸುರಿಯಾದ ಐದನೇ ತಿಂಗಳಿಂದಲೇ ಅವಳು ತೂರಾಡುತ್ತಿದ್ದಳು. ಲೋಟಕ್ಕೆ ಚಾಚಿದ ಕೈ ಪಕ್ಕಕ್ಕೆ ಹೋಗುತ್ತಿತ್ತು, ಮಾತು ತೊದಲುತ್ತಿತ್ತು. ಡಾಕ್ಟರು ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟರು. ಅವಳ ಅತ್ತೆ ಏಕಾಂತಮ್ಮ ದೃಷ್ಟಿ ತೆಗೆದರು. ನಾನೇನು ಕಡಿಮೆಯೇ, "ಬಸುರಿ ಅಂದ್ಮೇಲೆ ಹಂಗೇ ಕಣೆ" ಎಂದು ಫೋನಿನಲ್ಲೇ ಮುಗಿಸಿದೆ.

ಏಳನೇ ತಿಂಗಳಲ್ಲಿ ಸೀಮಂತ. ಮೂವತ್ತು ವರ್ಷದಿಂದ ಬಸುರಿಯರ ಕೈ ಒತ್ತಿ ಒತ್ತಿ ಬಳೆ ಏರಿಸಿದ ಚಂದ್ರಕ್ಕ ಹೇಮಾಳ ಕೈ ಹಿಡಿದವಳೇ ಒತ್ತುವುದನ್ನು ನಿಲ್ಲಿಸಿದಳು. ಒಂದು ಬಳೆಯನ್ನು ಎದುರಿಗೆ ಹಿಡಿದು "ಮುಟ್ಟವ್ವ" ಎಂದಳು. ಕೈ ಅಲ್ಲಾಡುತ್ತಾ ಬಳೆಯನ್ನು ದಾಟಿ ಹೋಯಿತು.

"ಇದು ಬಸುರಿನ ಸುಸ್ತಲ್ಲ, ಬೇರೇನೋ ಐತೆ. ಮೊದ್ಲು ದೊಡ್ಡಾಸ್ಪತ್ರೆಗೆ ಕರ್ಕಂಡ್ ಹೋಗ್ರಿ. ಬಳೆ ಆಮೇಲೆ ಹಾಕ್ತೀನಿ" ಎಂದು ಎದ್ದೇಬಿಟ್ಟಳು.

ಬಸುರಿಯನ್ನು ಬರಿಗೈಯಲ್ಲಿ ಬಿಟ್ಟು ಹೋಗುವುದು ಅಪಶಕುನ ಎಂದು ಏಕಾಂತಮ್ಮ ಕೂಗಾಡಿದರು. ಬಾಗಿಲಲ್ಲಿ ಚಂದ್ರಕ್ಕ ನನ್ನನ್ನು ತಡೆದು, "ನೀನು ಅಕ್ಕನೋ, ಊಟಕ್ಕೆ ಬಂದವಳೋ?" ಎಂದಳು. ಮರುದಿನವೇ ತಂಗಿಯನ್ನು ಚಿತ್ರದುರ್ಗಕ್ಕೆ ಕರೆದೊಯ್ದೆ.

ತಲೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಜೊತೆಗೆ ಬಂದಿದ್ದ ಏಕಾಂತಮ್ಮ ತಾವೇ ಗೆದ್ದಂತೆ ಊರಿಗೆ ಹೊರಡಲು ಚೀಲ ಎತ್ತಿಕೊಂಡರು. ನರರೋಗದ ಡಾಕ್ಟರು ಬಿಡಲಿಲ್ಲ, ಮೈಯೆಲ್ಲ ಹುಡುಕಿಸಿದರು. ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು, ಕ್ಯಾನ್ಸರ್. ಅದರ ವಿರುದ್ಧ ಹೋರಾಡಲು ಹೊರಟ ದೇಹ ತಪ್ಪಿ ತನ್ನ ಮೆದುಳಿಗೇ ಹೊಡೆಯುತ್ತಿತ್ತಂತೆ. ಬಸುರಿಯಾಗಿರುವಾಗಲೇ ಆಪರೇಷನ್ ಆಯಿತು, ಮಗು ಕ್ಷೇಮವಾಗಿ ಹುಟ್ಟಿತು. ಆದರೆ ಕೈ ಪೂರ್ತಿ ಹಿಡಿತಕ್ಕೆ ಬರಲಿಲ್ಲ. ಎರಡು ತಿಂಗಳು ಮೊದಲೇ ಬಂದಿದ್ದರೆ ಬರುತ್ತಿತ್ತೇನೋ ಎಂದರು ಡಾಕ್ಟರು. ಆ ಎರಡು ತಿಂಗಳು ಹಾಳು ಮಾಡಿದವರಲ್ಲಿ ನಾನೂ ಒಬ್ಬಳು.

ಮೊನ್ನೆ ಚಂದ್ರಕ್ಕ ಮಗು ನೋಡಲು ಬಂದಳು. ಏಕಾಂತಮ್ಮ ಮಗುವನ್ನೆತ್ತಿಕೊಂಡು ಒಳಗೆ ಹೊರಟರು. ಇವಳು ಬಾಯಿ ಬಿಟ್ಟಿದ್ದಕ್ಕೇ ಕಾಯಿಲೆ ಬಂದಿದ್ದಂತೆ. ನಾನು ಜಗಳಕ್ಕೆ ಏಳುವಷ್ಟರಲ್ಲಿ ಹೇಮಾ ಗೋಡೆ ಹಿಡಿದು ನಿಂತು ಒಂದೊಂದೇ ಮಾತು ಜೋಡಿಸಿದಳು. "ಅತ್ತೆ, ಮಗೂನ ಎತ್ಕಳಾಕೆ ನನ್ ಕೈಲಿ ಆಗಲ್ಲ. ಅವರ ಕೈಗೆ ಕೊಡ್ರಿ."

ಏಕಾಂತಮ್ಮ ತಿರುಗಿ ಬಂದು ಕೊಟ್ಟರು. ಚಂದ್ರಕ್ಕ ಹೇಮಾಳನ್ನು ಕೂರಿಸಿ, ಮಗುವನ್ನು ಅವಳ ಮಡಿಲಿಗಿಟ್ಟು, ಜಾರದಂತೆ ಅವಳ ಎರಡೂ ಕೈಗಳನ್ನು ಮಗುವಿನ ಸುತ್ತ ಒತ್ತಿ ಹಿಡಿದುಕೊಂಡು ಕೂತಳು.