ನೆಸ್ಟಾಳ ಹಿಂದಿನ ಚಕ್ರ

ಭಾನುವಾರ ಬೆಳಿಗ್ಗೆ ಕಾಡಿನಂಚಿನ ನನ್ನ ಚಹಾದಂಗಡಿಯ ಮುಂದೆ ಆ ಉದ್ದನೆಯ ಸೈಕಲ್ ಬಂದು ನಿಂತರೆ, ಮೊದಲು ಒಳಗೆ ಬರುತ್ತಿದ್ದುದು ನೆಸ್ಟಾಳ ಧ್ವನಿ.

“ಮೈರ್, ಸೂಪು ತಳ ಹಿಡೀತಾ ಇದೆ. ಉರಿ ಇಳಿಸು.”

ನಾನು ಹೋಗಿ ನೋಡಿದರೆ ಅವಳು ಹೇಳಿದ್ದು ನಿಜವೇ ಆಗಿರುತ್ತಿತ್ತು. ಬಾಗಿಲಾಚೆಯಿಂದಲೇ ಕುದಿತದ ಸದ್ದಿನಲ್ಲಿ ಅವಳಿಗೆ ಅದು ತಿಳಿಯುತ್ತಿತ್ತು. ನಮ್ಮೂರು ಡೊಲ್ಗೆಥ್ಲಿಯ ಶಾಲೆಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಬೇಯಿಸಿ ಹಾಕಿದ ಕೈ ಅದು. ನಲವತ್ತು ದಾಟಿದ ಮೇಲೆ ಅವಳ ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬಂತು. ಮೊದಲು ಪಕ್ಕದಲ್ಲಿ ನಿಂತವರು ಕಾಣಿಸಲಿಲ್ಲ, ಆಮೇಲೆ ಎದುರಿಗೆ ನಿಂತವರ ಭುಜ, ಕೊನೆಗೆ ಮುಖ. ಶಾಲೆಯ ಅಡುಗೆಮನೆ ಬಿಟ್ಟಳು. ಸೈಕಲ್ಲನ್ನೂ ಬಿಟ್ಟಳು. ಎರಡನೆಯದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ಈ ಕಾಡಿನಲ್ಲಿ ಸೈಕಲ್ಲಿಗೆಂದೇ ದಾರಿ ಕಡಿಯುವ ಮೊದಲೇ, ಮರ ಎಳೆಯುವ ಕೆಸರುದಾರಿಗಳಲ್ಲಿ ಹುಚ್ಚಿಯ ಹಾಗೆ ಇಳಿದವಳು ಅವಳು.

ಅಕ್ಕ ಎಲುನೆಡ್ ಅವಳನ್ನು ತನ್ನ ಮನೆಗೆ ಕರೆದುಕೊಂಡಳು. ಎಲುನೆಡ್ ಒಳ್ಳೆಯವಳು, ಆದರೆ ಅವಳ ಒಳ್ಳೆಯತನ ಸ್ವಲ್ಪ ಭಾರ. ತಂಗಿಯ ರೊಟ್ಟಿಗೆ ತಾನೇ ಬೆಣ್ಣೆ ಸವರುವಳು, ಚಹಾ ಆರಿಸಿ ಕೊಡುವಳು. ಮೂರು ವರ್ಷ ನೆಸ್ಟಾ ಆರಿದ ಚಹಾ ಕುಡಿದಳು.

ಆಮೇಲೊಂದು ದಿನ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಜನ ಹೊರಗೆ ಬರುತ್ತಿದ್ದಾಗ ಅವಳು ಇಡ್ವಾಲನ ತೋಳು ಹಿಡಿದಳು. ಇಡ್ವಾಲ್ ಮರದ ಲಾರಿ ಓಡಿಸಿ ನಿವೃತ್ತನಾದವನು, ಕಣಿವೆಯ ಮೇಲ್ತುದಿಯಲ್ಲಿ ನಾಯಿಯೊಂದಿಗೆ ಒಬ್ಬನೇ ಇದ್ದವನು. ಬಿಡುವಾದಾಗ ಸೈಕಲ್ ತುಳಿಯುತ್ತಿದ್ದ. ಮಾತೆಂದರೆ ಅವನಿಗೆ ಕಾಸು ಬಿಚ್ಚಿದಷ್ಟು ಕಷ್ಟ.

“ಇಡ್ವಾಲ್, ಹಿಂದೆ ಮೂವತ್ತು ಟನ್ ಮರ ಹೇರಿಕೊಂಡು ಈ ಬೆಟ್ಟ ಇಳಿದೋನು ನೀನು. ನನ್ನೊಬ್ಬಳನ್ನ ಹೇರಿಕೊಂಡು ಇಳಿಯೋಕಾಗಲ್ವಾ?”

“ಮರ ಮಾತಾಡಲ್ಲ” ಅಂದ ಇಡ್ವಾಲ್. ಆದರೂ ಒಂದು ತಿಂಗಳೊಳಗೆ ಎಲ್ಲಿಂದಲೋ ಇಬ್ಬರು ಕೂರುವ ಹಳೆಯ ಬೆಟ್ಟದ ಸೈಕಲ್ಲೊಂದನ್ನು ತಂದೇಬಿಟ್ಟ.

ಮುಂದೆ ಅವನು, ಹಿಂದೆ ಅವಳು. ಹಿಂದೆ ಕೂತವಳಿಗೆ ದಾರಿ ಕಾಣದು, ಆದ್ದರಿಂದ ಮುಂದಿನವನು ಬಾಯಿ ಮುಚ್ಚುವಂತಿಲ್ಲ. ಎಡಕ್ಕೆ ತಿರುವು, ಬೇರು, ಗುಂಡಿ, ಈಗ ತುಳಿ, ಈಗ ಬಿಡು, ತಲೆ ಬಗ್ಗಿಸು. “ಪಾಪ, ಇಡೀ ವಾರದ ಮಾತನ್ನ ಭಾನುವಾರಕ್ಕೆ ಕೂಡಿಡ್ತಾನೆ” ಎಂದು ನೆಸ್ಟಾ ನಗುತ್ತಿದ್ದಳು. ಅವನ ಮಾತು ಮೇಲಿನಿಂದ, ಚಕ್ರದ ಮಾತು ಕೆಳಗಿನಿಂದ. ಅಂಗಾಲಿಗೂ ಕುಂಡಿಗೂ ತಗಲುವ ಅದುರಿನಲ್ಲೇ ಜಲ್ಲಿ ಯಾವುದು, ಪೈನ್ ಎಲೆಯ ಹಾಸು ಯಾವುದು ಎಂದು ಅವಳಿಗೆ ಗೊತ್ತಾಗುತ್ತಿತ್ತು.

ತೊಂದರೆ ಬಂದದ್ದು ಆ ಚಕ್ರಗಳಿಂದಲೇ. ಇಡ್ವಾಲ್ ದೊಡ್ಡ ಆಳು, ನೆಸ್ಟಾ ಕೂಡ ಶಾಲೆಯ ಪುಡಿಂಗು ತಿಂದ ಮೈ. ಇಬ್ಬರ ಭಾರಕ್ಕೆ ಹಿಂದಿನ ಚಕ್ರದ ಕಡ್ಡಿಗಳು ಪಟಪಟ ಮುರಿಯುತ್ತಿದ್ದವು. ಎಷ್ಟೋ ಸಲ ಸೈಕಲ್ಲನ್ನು ಹೊತ್ತುಕೊಂಡು, ಮಳೆಯಲ್ಲಿ ನೆಂದು ನನ್ನ ಅಂಗಡಿಗೆ ಬಂದಿದ್ದಾರೆ. ಸೈಕಲ್ ಅಂಗಡಿಯ ಗೆಥಿನ್, ಇದಕ್ಕೆ ಹಗುರವೂ ಗಟ್ಟಿಯೂ ಆದ ಕಾರ್ಬನ್ ಚಕ್ರವೇ ಸರಿ ಎಂದ. ಅದರ ಬೆಲೆ ಕೇಳಿ ಇಡ್ವಾಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ನೆಸ್ಟಾ ಮಾತ್ರ, “ತರಿಸು” ಅಂದಳು. ಮನೆಯ ಅಡುಗೆಕೋಣೆಯನ್ನು ಹೊಸದು ಮಾಡಿಸಲೆಂದು ಅಕ್ಕತಂಗಿಯರು ಎತ್ತಿಟ್ಟಿದ್ದ ಹಣದಲ್ಲಿ ತನ್ನ ಪಾಲನ್ನು ತೆಗೆದಳು.

ಎಲುನೆಡ್ ಆ ದಿನ ನನ್ನ ಅಂಗಡಿಗೇ ಬಂದು ಜಗಳ ತೆಗೆದಳು.

“ಎರಡು ಸಾವಿರ ಪೌಂಡ್ ಕಣೇ. ಎರಡು ಚಕ್ರಕ್ಕೆ. ಅದು ನಿನ್ನ ಕಣ್ಣಿಗಾದ್ರೂ ಕಾಣುತ್ತಾ?”

“ಹೊಸ ಅಡುಗೆಮನೆ ಕಾಣ್ತಿತ್ತಾ ಅಕ್ಕ?”

“ಅಡುಗೆಮನೆ ನಿನ್ನ ಕೆಡವಲ್ಲ.”

“ಅದೇ ಅದರ ದೋಷ” ಅಂದಳು ನೆಸ್ಟಾ. ಎಲುನೆಡ್ ಚೀಲ ಎತ್ತಿಕೊಂಡು ಹೊರಟುಹೋದಳು. ಎರಡು ವಾರ ಆ ಮನೆಯಲ್ಲಿ ಚಹಾ ಬಿಸಿಯಾಗಿಯೇ ಬಂತಂತೆ.

ಹೊಸ ಚಕ್ರಗಳು ಬಂದವು. ಇಡ್ವಾಲನ ಮುಖ ನೋಡಬೇಕಿತ್ತು. “ಹಗುರ” ಅಂದ. ಸ್ವಲ್ಪ ಹೊತ್ತಿನ ಮೇಲೆ, “ಹೇಳಿದ ಕಡೆ ಹೋಗುತ್ತೆ” ಅಂದ. ಏರುದಾರಿಯಲ್ಲಿ ಅವರು ಕಾಡಿಗೆ ಸೈಕಲ್ ತುಳಿಯಲು ಬರುವ ಹುಡುಗರನ್ನು ಹಿಂದೆ ಹಾಕಿದರು. ಕಡ್ಡಿ ಒಂದೂ ಮುರಿಯಲಿಲ್ಲ. ಆದರೆ ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿದ ಕೂಡಲೇ ಹಿಂದಿನ ಚಕ್ರದ ನಡುವಿನ ಹಬ್ಬಿನಿಂದ ಜೇನುಗೂಡು ಕೆದಕಿದಂಥ ಸದ್ದು ಏಳುತ್ತಿತ್ತು. ಹುಡುಗರಿಗೆ ಆ ಸದ್ದೇ ಇಷ್ಟ. ದುಬಾರಿ ಚಕ್ರ ಬರುತ್ತಿದೆ ಎಂದು ದೂರದಿಂದಲೇ ಗೊತ್ತಾಗಲಿ ಎಂದು.

ನನ್ನ ಹತ್ತಿರ ಒಂದು ಸಲ ನೆಸ್ಟಾ ತಗ್ಗಿದ ದನಿಯಲ್ಲಿ ಹೇಳಿದ್ದಳು. “ಹಳೇ ಚಕ್ರ ಇಲ್ಲಿ ಕಲ್ಲಿದೆ ಅಂತ ಹೇಳ್ತಿತ್ತು ಮೈರ್. ಇದು ಕಲ್ಲು ತಗೊಂಡು ಹೊಡೆಯುತ್ತೆ. ಮೇಲಿಂದ ಆ ಗಲಾಟೆ ಬೇರೆ.”

“ಇಡ್ವಾಲಂಗೆ ಹೇಳು ಮತ್ತೆ.”

“ಅಕ್ಕನ ಜೊತೆ ಅಷ್ಟು ಕಿತ್ತಾಡಿ ತಂದಿದ್ದೀನಿ. ಈಗ ಯಾವ ಬಾಯಲ್ಲಿ ಹೇಳಲಿ? ಅವನಿಗೋ ಹೊಸ ಮಗು ಹುಟ್ಟಿದ ಹಾಗಾಗಿದೆ.”

ಹೇಳಲಿಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ ನೀರುನಾಯಿ ದಾರಿಯಲ್ಲಿ ಇಳಿಯುತ್ತಿದ್ದರು. ಅದು ನಮ್ಮ ಕಾಡಿನ ಉದ್ದನೆಯ ಇಳಿಜಾರು, ಹೊಳೆಯವರೆಗೂ ಹೋಗುತ್ತದೆ. ಹಿಂದಿನ ದಿನದ ಗಾಳಿಗೆ ಒಂದು ಓಕ್ ಕೊಂಬೆ ದಾರಿಗೆ ಅಡ್ಡವಾಗಿ ತಲೆಯೆತ್ತರಕ್ಕೆ ಬಾಗಿತ್ತು. ಇಡ್ವಾಲ್ ಕೂಗಿ ತಾನು ಬಗ್ಗಿದ. ನೆಸ್ಟಾ ಬಗ್ಗಲಿಲ್ಲ.

ಕತ್ತಿಗೂ ಭುಜಕ್ಕೂ ನಡುವಿನ ಮೂಳೆ ಮುರಿದಿತ್ತು. ತಲೆಗೆ ಹೆಲ್ಮೆಟ್ ಇದ್ದದ್ದರಿಂದ ಉಳಿದಳು. ಇಡ್ವಾಲ್ ಅವಳನ್ನು ಆಸ್ಪತ್ರೆಗೆ ಮುಟ್ಟಿಸಿ, ಎಲುನೆಡ್ ಬರುವವರೆಗೆ ಗೋಡೆಗೆ ಆತು ನಿಂತಿದ್ದ. ಎಲುನೆಡ್ ಅವನಿಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅಂದು ಮನೆಗೆ ಹೋದವನು ಮತ್ತೆ ಇಳಿದು ಬರಲಿಲ್ಲ. ಪ್ರಾರ್ಥನೆಗಿಲ್ಲ, ಅಂಗಡಿಗಿಲ್ಲ, ಫೋನು ಎತ್ತುವುದೂ ಇಲ್ಲ.

ತೋಳಿನ್ನೂ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿರುವಾಗಲೇ ನೆಸ್ಟಾ ನನಗೆ ಹೇಳಿದಳು: “ನಿನ್ನ ಕಾರು ತೆಗಿ.”

ಇಡ್ವಾಲ್ ಬಾಗಿಲು ತೆರೆದವನು ಅವಳ ತೋಳನ್ನು ನೋಡಿ ನೆಲ ನೋಡಿದ.

“ಚಹಾ ಕೊಡ್ತೀಯೋ, ಇಲ್ಲಿಂದಲೇ ವಾಪಸ್ ಕಳಿಸ್ತೀಯೋ?” ಎಂದಳು ನೆಸ್ಟಾ.

ಚಹಾ ಕೊಟ್ಟ. ಲೋಟ ಕೆಳಗಿಡುತ್ತಾ, “ಇನ್ನೂ ಜೋರಾಗಿ ಕೂಗಬೇಕಿತ್ತು” ಅಂದ.

“ನೀನು ಕೂಗಿದ್ದು ಬೆಟ್ಟದಾಚೆ ಕುರಿಗಳಿಗೆಲ್ಲ ಕೇಳಿಸಿರುತ್ತೆ. ನನಗೆ ಕೇಳಿಸಲಿಲ್ಲ. ಸೈಕಲ್ ಎಲ್ಲಿ?”

ಸೈಕಲ್ ಕೊಟ್ಟಿಗೆಯಲ್ಲಿತ್ತು. ಅದರ ಮೇಲೆ ಅವನು ಗೋಣಿ ಮುಚ್ಚಿದ್ದ. ನೆಸ್ಟಾ ಒಳ್ಳೆಯ ಕೈಯಿಂದ ಗೋಣಿ ಎಳೆದು, ಹಿಂದಿನ ಭಾಗ ಎತ್ತಿ ಹಿಡಿ ಎಂದಳು, ಚಕ್ರವನ್ನು ಬಲವಾಗಿ ತಿರುಗಿಸಿದಳು. ಆ ಕಲ್ಲುಗೋಡೆಯ ಕೊಟ್ಟಿಗೆಯಲ್ಲಿ ಕಿವಿ ಕೊರೆಯುವ ಸದ್ದೆದ್ದಿತು. ನಾನು ಕಿವಿ ಮುಚ್ಚಿಕೊಂಡೆ. ಇಡ್ವಾಲ್ ಸುಮ್ಮನೆ ನಿಂತಿದ್ದ.

“ಕೇಳಿಸ್ತಾ?” ಎಂದಳು ಅವಳು.

“ಏನು, ಆ ಸಣ್ಣ ಟಿಕ್ ಟಿಕ್ಕಾ?”

ನೆಸ್ಟಾ ನನ್ನ ಕಡೆ ತಿರುಗಿದಳು. ನನಗೂ ಆಗಲೇ ಹೊಳೆಯಿತು. ಆಯಸ್ಸಿನ ಅರ್ಧ ಲಾರಿಯ ಎಂಜಿನ್ ಪಕ್ಕ ಕೂತವನ ಕಿವಿಗೆ ಚೂಪು ಸದ್ದುಗಳು ಹತ್ತುತ್ತಲೇ ಇರಲಿಲ್ಲ. ತನ್ನ ಬೆನ್ನ ಹಿಂದೆ ಜೇನುಗೂಡು ಎದ್ದಿರುವುದು ಅವನಿಗೆ ಗೊತ್ತೇ ಇರಲಿಲ್ಲ. ನಾನು ಅದನ್ನು ಬಿಡಿಸಿ ಹೇಳಿದೆ. ನೆಸ್ಟಾ, “ಮೊದಲ ದಿನವೇ ಹೇಳಬೇಕಿದ್ದೋಳು ನಾನು. ದುಬಾರಿ ಅಂತ ಬಾಯಿ ಮುಚ್ಕೊಂಡೆ” ಅಂದಳು. ಇಡ್ವಾಲ್ ಎತ್ತಿ ಹಿಡಿದಿದ್ದ ಸೈಕಲ್ಲನ್ನು ಕೆಳಗಿಟ್ಟು, ಅವಳ ಒಳ್ಳೆಯ ಭುಜದ ಮೇಲೆ ಒಂದು ಗಳಿಗೆ ಕೈಯಿಟ್ಟ. ಆಮೇಲೆ ಮೂಗು ಒರೆಸಿಕೊಂಡು ನಾಯಿಗೆ ಏನೋ ಅಂದ.

ಚಳಿಗಾಲದಲ್ಲಿ ಗೆಥಿನ್ ಚಕ್ರವನ್ನು ಬಿಚ್ಚಿದ. ಹಬ್ಬಿನೊಳಗೆ ದಪ್ಪ ಗ್ರೀಸ್ ತುಂಬಿದ ಮೇಲೆ ಜೇನುನೊಣಗಳು ನಿದ್ದೆ ಹೋದವು. ಹಿಂದಿನ ಕಾರ್ಬನ್ ರಿಮ್ಮನ್ನು ತೆಗೆದು, ಅದೇ ಹಬ್ಬಿಗೆ ಕಲ್ಲಿನ ಪೆಟ್ಟು ತಿನ್ನುವ ಸಾದಾ ಅಲ್ಯೂಮಿನಿಯಂ ರಿಮ್ ಕಟ್ಟಿದ, ದಪ್ಪ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು. ಹೊಸ ರಿಮ್ಮಿನ ಬೆಲೆ ಒಂದು ಭಾನುವಾರದ ಊಟದಷ್ಟೂ ಇರಲಿಲ್ಲ. ಮುಂದಿನ ಚಕ್ರವನ್ನು ಮುಟ್ಟಬೇಡ ಎಂದು ಇಡ್ವಾಲ್ ಹಟ ಹಿಡಿದ. ಅದು ಅವನು ಹೇಳಿದ ಕಡೆ ಹೋಗುತ್ತದಲ್ಲ. ಬಿಚ್ಚಿದ ರಿಮ್ಮನ್ನು ಪಕ್ಕದೂರು ಬಾರ್ಮತ್‌ನ ಒಬ್ಬ ಸಣಕಲ ಪೋಸ್ಟ್‌ಮನ್ ಅರ್ಧ ಬೆಲೆಗೆ ಕೊಂಡ. ಅವನಿಗೆ ಅದು ಬಲು ಚೆನ್ನಾಗಿ ಒಗ್ಗಿತಂತೆ.

“ಅಂತೂ ಅರ್ಧ ದುಡ್ಡು ಹೊಳೆ ಪಾಲು” ಅಂದಳು ಎಲುನೆಡ್.

“ಅರ್ಧ ಅಲ್ಲ ಅಕ್ಕ, ಕಾಲೂ ಇಲ್ಲ. ಗಟ್ಟಿ ಹಬ್ಬಿಗೆ ಕೊಟ್ಟಿದ್ದು ಸಾರ್ಥಕ, ಮುಂದಿನದು ಇಡ್ವಾಲಂಗೆ ಸಾರ್ಥಕ. ಹಿಂದಿನದು ಮಾತ್ರ ನನ್ನ ಕುಂಡಿಗೆ ಮಾಡಿದ್ದಲ್ಲ.”

ಮೂಳೆ ಕೂಡಿ, ವೈದ್ಯರು ಒಪ್ಪಿದ ಮೇಲೆ, ಮಾರ್ಚಿನಲ್ಲಿ ಅವರು ಮತ್ತೆ ನೀರುನಾಯಿ ದಾರಿಗೆ ಹೋದರು. ಎಲುನೆಡ್ ಎಂದೂ ಅತ್ತ ಬಂದವಳಲ್ಲ. ಅವತ್ತು ಕಂಬಳಿಯೊಂದನ್ನು ಎದೆಗೆ ಅವುಚಿಕೊಂಡು ನನ್ನ ಜೊತೆ ಹೊಳೆಯ ದಂಡೆಯಲ್ಲಿ ನಿಂತಳು. ಕಂಬಳಿ ಯಾಕೆಂದು ನಾನು ಕೇಳಲಿಲ್ಲ. ಬಹಳ ಹೊತ್ತು ನೀರಿನ ಸದ್ದೊಂದೇ. ಆಮೇಲೆ ಮರಗಳ ಮೇಲಿನಿಂದ ಒಂದು ಗಂಡುದನಿ ಇಳಿದು ಬಂತು.

“ಎಡಕ್ಕೆ. ಬೇರು. ಇನ್ನೊಂದು ಬೇರು. ಈಗ ನೇರ. ಬಲಗಡೆ ಹಳದಿ ಹೂ ಬಿಟ್ಟಿದೆ, ದಂಡೆ ತುಂಬಾ. ಕೆಳಗೆ ಹೊಳೆ, ಕಂದು ನೀರು. ಬೂದು ಕೊಕ್ಕರೆ ಒಂದು ನಿಂತಿದೆ, ನಮ್ಮ ಪಾದ್ರಿ ಥರ. ಬಿಡು, ಬಿಡು, ತುಳೀಬೇಡ. ಅಲ್ಲಿ ನಿಮ್ಮಕ್ಕ ಬಂದಿದ್ದಾಳೆ.”

“ಯಾರೇ ಅದು ಮಾತಾಡ್ತಿರೋದು?” ಎಂದಳು ಎಲುನೆಡ್.

“ಇಡ್ವಾಲ್.”

“ಅವನಿಗೆ ಇಷ್ಟು ಮಾತು ಬರುತ್ತಾ?”

ಆ ಬೇಸಿಗೆಯಲ್ಲಿ ನೆಸ್ಟಾ ಅವನನ್ನು ಎಳೆದುಕೊಂಡು ಹೋಗಿ ಕಿವಿಗೆ ಯಂತ್ರ ಹಾಕಿಸಿದಳು. ಮೊದಲ ದಿನ ಅದನ್ನು ಹಾಕಿಕೊಂಡು ನನ್ನ ಅಂಗಡಿಗೆ ಬಂದವನು, ಲೋಟ ಕುಕ್ಕುವ ಸದ್ದಿಗೂ ಬೆಚ್ಚುತ್ತಾ ಮೂಲೆಯಲ್ಲಿ ಕೂತಿದ್ದ. ನೆಸ್ಟಾ ಎಡೆಬಿಡದೆ ಮಾತಾಡುತ್ತಿದ್ದಳು. ಅವನು ನನ್ನ ಕಡೆ ಬಾಗಿ, “ಇಷ್ಟು ದಿನ ಇವಳು ಇಷ್ಟೆಲ್ಲ ಹೇಳ್ತಿದ್ದಳಾ?” ಎಂದು ಕೇಳಿದ.

ಹೌದು ಎಂದೆ. ಅವನು ತಲೆಯಾಡಿಸಿ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.