ಅಂಬುಜಮ್ಮ ತುಂಬಿದ ಏಳು ಮಾತ್ರೆ

ಬೆಳಗಿನ ಐದೂವರೆ. ಚಾಮರಾಜಪೇಟೆಯ ಮೂರನೇ ಮೇನ್ ರೋಡಿಗೆ ಹಾಲಿನವನೂ ಇನ್ನೂ ಬಂದಿಲ್ಲ, ಅಂಬುಜಮ್ಮ ಆಗಲೇ ಅಡುಗೆಮನೆಯ ಮೇಜಿನ ಮುಂದೆ ಯುದ್ಧಕ್ಕೆ ಕುಳಿತಿದ್ದಾರೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪದ್ಯದ ಸಾಲು, ಪ್ರತಿ ಅಕ್ಷರದ ನೆತ್ತಿಯ ಮೇಲೊಂದು ಪೆನ್ಸಿಲ್ ಗುರುತು. ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ; ಎಳೆದು ಹೇಳುವುದು ಗುರು, ಅದಕ್ಕೆ ಎರಡು. ಎಡಗೈ ಬೆರಳು ಮೇಜಿನ ಮೇಲೆ ಮೂರು ಬಡಿಯುತ್ತದೆ, ನಾಲ್ಕು ಬಡಿಯುತ್ತದೆ, ಮತ್ತೆ ಮೂರು.

ಮಣ್ಣಿನ ಕೋಟೆಯೊಂದರ ಕಾಳಗವನ್ನು ಹೇಳುವ ಹಳೆಯ ಕಾವ್ಯವಿದು. ಬರೆದವರು ಯಾರೋ ತಿಳಿಯದು. ಭಾಮಿನಿ ಷಟ್ಪದಿಯ 212 ಪದ್ಯಗಳು, ಪದ್ಯಕ್ಕೆ 102 ಮಾತ್ರೆ. ದಿನಕ್ಕೆ ಎಂಟು ಪದ್ಯ ನೋಡುತ್ತಾರೆ, ಅಂದರೆ 816 ಮಾತ್ರೆ. ಇಷ್ಟೆಲ್ಲ ಯಾಕೆಂದು ಕೇಳಿದೆ.

"ಒಂದು ಮಾತ್ರೆ ತಪ್ಪಿದ್ರೂ ಹಾಡೋರ ಉಸಿರು ಸಿಕ್ಕಾಕೊಳ್ಳತ್ತೆ," ಎಂದರು.

ಅರವತ್ತನಾಲ್ಕರ ಇವರಿಗೆ ಡಿಗ್ರಿ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆ ಹತ್ತಿರದ ಪ್ರೆಸ್ಸಿಗೆ ಕರಡು ತಿದ್ದಲು ಸೇರಿದವರು. ಛಂದಸ್ಸು ಕಲಿಸಿದ್ದು ಅಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಹನುಮಂತಯ್ಯ. ಮೊಳೆ ಇಡುತ್ತಲೇ ಅವರು ಪದ್ಯ ಗುನುಗುತ್ತಿದ್ದರಂತೆ, ತಾಳ ತಪ್ಪಿದಲ್ಲಿ ಕೈ ತಾನಾಗಿ ನಿಲ್ಲುತ್ತಿತ್ತಂತೆ. ಅಂಬುಜಮ್ಮನವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಕೆಲಸ ಬಿಟ್ಟಿಲ್ಲ.

ಈಗ ಅವರ ನಿದ್ದೆ ಕೆಡಿಸಿರುವುದು 147ನೇ ಪದ್ಯ. ಅದು ಕೋಟೆಯ ಬಾಗಿಲಲ್ಲಿ ಮಡಿದವರ ಪಟ್ಟಿ. ಪ್ರತಿ ಸಾಲಿನ ಮೊದಲಿಗೆ ಒಬ್ಬೊಬ್ಬನ ಹೆಸರು: ಕಾಳನಾಯಕ, ಬೋಳಬಸವ, ಹೀಗೆ. ಆರನೇ ಸಾಲು ಶುರುವಾಗುವಲ್ಲೇ ಮೂಲ ಪ್ರತಿಯ ಓಲೆಗರಿ ಮುರಿದಿತ್ತು. ನಲವತ್ತು ವರ್ಷದ ಹಿಂದೆ ಪುಸ್ತಕ ಮೊದಲು ಅಚ್ಚಾಗುವಾಗ ಅಂಬುಜಮ್ಮ ಎಣಿಸಿದರು. ಏಳು ಮಾತ್ರೆ ಕಡಿಮೆ. 'ವೀರಧೀರನು' ಎಂದು ತಾವೇ ಸೇರಿಸಿದರು. ಮೂರು, ನಾಲ್ಕು, ಕರಾರುವಾಕ್ಕು.

"ಜಂಬ ನೋಡಿ, ನಂಗೂ ಬರತ್ತೆ ಅಂತ. ಯಾರನ್ನೂ ಕೇಳ್ಲಿಲ್ಲ. ಎಣಿಸೋ ಭರದಲ್ಲಿ ಪ್ರಾಸ ಮರೆತೆ. ಮಿಕ್ಕ ಐದು ಸಾಲಲ್ಲೂ ಎರಡನೇ ಅಕ್ಷರ 'ಳ'. ನಾನು ಹಾಕಿದ್ದು 'ರ'. ಅಲ್ಲಿದ್ದಿದ್ದು ಹೊಗಳಿಕೆ ಅಲ್ಲ, ಒಬ್ಬನ ಹೆಸರು."

ನನಗೆ ಸೋಜಿಗವೆನಿಸಿದ್ದು ಇದು: ಇಷ್ಟು ವರ್ಷ ಯಾರೂ ಇದನ್ನು ಗಮನಿಸಿಲ್ಲ. ಭಾಷಣಕಾರರು ಅದೇ ಸಾಲು ಹೇಳಿ ಮೇಜು ಗುದ್ದುತ್ತಾರೆ. ಪುಸ್ತಕ ಸೋಮವಾರ ಮತ್ತೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಆ ಪದ ತೆಗೆಸಬೇಕೆಂದು ಅಂಬುಜಮ್ಮ ಹಟ ಹಿಡಿದಿದ್ದಾರೆ. ಪ್ರೆಸ್ಸಿನ ಈಗಿನ ಯಜಮಾನ ವೇಣುಗೋಪಾಲ್ ಒಪ್ಪುತ್ತಿಲ್ಲ. ನಾನಿರುವಾಗಲೇ ಅವರ ಫೋನ್ ಬಂತು. ಅಂಬುಜಮ್ಮ ಸ್ಪೀಕರ್ ಒತ್ತಿದರು.

"ಮೇಡಂ, ಜನಕ್ಕೆ ಬಾಯಿಪಾಠ ಆಗಿರೋ ಸಾಲು. ತೆಗೆದು ಏನು ಹಾಕೋಣ?"

"ಚುಕ್ಕೆ ಹಾಕು, ವೇಣು."

"ಪದ್ಯದ ಮಧ್ಯೆ ತೂತು ಬಿಟ್ಟಂಗಾಗತ್ತೆ. 'ಳ' ಬರೋ ಹೆಸರು ನೀವೇ ಒಂದು ಹೊಂದಿಸಿಬಿಡಿ. ನಿಮಗೇನು ಕಷ್ಟ?"

ಕಷ್ಟವೇನಿಲ್ಲ. ಬೇಕೆಂದರೆ ನಿಂತ ನಿಲುವಿನಲ್ಲಿ ಹತ್ತು ಹೆಸರು ಹೇಳಬಲ್ಲರು. ನನಗೂ ಕೇಳುವ ಆಸೆಯಾಯಿತು. ಅಂಬುಜಮ್ಮ ಪೆನ್ಸಿಲ್ ಕೆಳಗಿಟ್ಟರು.

"ಬೇಡಪ್ಪ. ಪ್ರಾಣ ಕೊಟ್ಟೋನು ಅವನು. ಅವನ ಜಾಗದಲ್ಲಿ ಒಂದ್ಸಲ ನಾನು ಕೂತ್ಕೊಂಡಿದ್ದು ಸಾಕು. ಇಲ್ಲೊಬ್ಬನ ಹೆಸರಿತ್ತು, ನಮಗೆ ಗೊತ್ತಿಲ್ಲ ಅಂತ ಕೆಳಗೆ ಬರಿ."

ಆ ಕಡೆ ಕಾಗದ ಎಳೆದುಕೊಂಡ ಸದ್ದು.

"ಎಷ್ಟು ಚುಕ್ಕೆ ಮೇಡಂ?"

"ಏಳು. ಒಂದೂ ಕಮ್ಮಿ ಆಗ್ಬಾರ್ದು."